ನೀರು ತುಂಬಿದ ಗವಿಗಳಲ್ಲಿ ಚಿತ್ರ ತೆಗೆಯುವ ವಿಚಾರ

ಕೆಲವು ಕಾಲದ ಹಿಂದೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೆಕ್ಸಿಕೋ ದೇಶದಿಂದ ಎರಡು ಛಾಯಾಚಿತ್ರಗಳನ್ನು ನಮಗೆ ಕಳುಹಿಸಿದಳು. ಒಂದರಲ್ಲಿ ನೀಲವರ್ಣದ ನೀರಿನೊಳಗೆ ಸೂರ್ಯಕಿರಣಗಳು ಬೆಳ್ಳಿಯ ಕಂಬಗಳಂತೆ ಇಳಿದಿದ್ದವು. ಇನ್ನೊಂದರಲ್ಲಿ ಕಲ್ಲಿನ ಜಡೆಗಳು ತೂಗುವ ಗವಿಯೊಂದರ ನಡುವೆ ಮನುಷ್ಯಾಕೃತಿಯೊಂದು ಹಕ್ಕಿಯಂತೆ ತೇಲುತ್ತಿತ್ತು. ಕೆಲವು ದಿನಗಳಲ್ಲಿಯೇ ಆಕೆಯ ತಾಯಿಯವರು ಅವೇ ಚಿತ್ರಗಳನ್ನು ಹಿಡಿದುಕೊಂಡು ಬಂದು, "ಚಿತ್ರವೇನೋ ಚೆನ್ನಾಗಿದೆ, ಟೀಚರೇ, ಆದರೆ ಇಂಥ ಸ್ಥಳಕ್ಕೆ ಹೋಗಬಹುದೋ? ಬರುವ ವರುಷ ಇವಳ ತಂಗಿಯೂ ಹೋಗಬೇಕೆನ್ನುತ್ತಾಳೆ" ಎಂದು ಕೇಳಿದರು. ಆ ದಿನ ನಾವು ಕೊಟ್ಟ ಉತ್ತರವು ಅರೆಬರೆಯಾಗಿತ್ತು. ಅನಂತರ ಓದಿ ತಿಳಿದುಕೊಂಡದ್ದನ್ನು ಈಗ ಎಲ್ಲಾ ಹೆತ್ತವರ ಮುಂದೆಯೂ ಇಡುತ್ತೇವೆ.

ಮೆಕ್ಸಿಕೋ ದೇಶದ ಪೂರ್ವಭಾಗದಲ್ಲಿ ಯುಕಟಾನ್ ಎಂಬ ದ್ವೀಪಕಲ್ಪವುಂಟು. ಅದರ ನೆಲವೆಲ್ಲಾ ಸುಣ್ಣದ ಕಲ್ಲು. ಚಿಪ್ಪನ್ನು ಸುಟ್ಟು ಸುಣ್ಣ ಮಾಡುವದನ್ನು ನೋಡಿದವರಿಗೆ ಈ ಕಲ್ಲಿನ ಹುಟ್ಟು ಸುಲಭವಾಗಿ ತಿಳಿಯುವದು. ಸಮುದ್ರಜೀವಿಗಳ ಚಿಪ್ಪುಗಳೂ ಹವಳಗಳೂ ಲಕ್ಷಾಂತರ ವರುಷ ಅಡಿಯಲ್ಲಿ ಕೂಡಿ ಗಟ್ಟಿಯಾದದ್ದೇ ಅದು. ಮಳೆಯ ನೀರು ವಾಯುವಿನಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವಾಯುವನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗಿ, ಈ ಕಲ್ಲನ್ನು ಮೆಲ್ಲಮೆಲ್ಲನೆ ಕರಗಿಸುತ್ತದೆ. ಆದಕಾರಣ ಆ ಸೀಮೆಯ ಬಹುಭಾಗದಲ್ಲಿ ನೆಲದ ಮೇಲೆ ನದಿಗಳಿಲ್ಲ. ನೀರೆಲ್ಲಾ ನೆಲದ ಕೆಳಗೆ ಹರಿಯುತ್ತದೆ. ಗವಿಯ ಮಾಡು ಕುಸಿದು ಬಿದ್ದ ಕಡೆಗಳಲ್ಲಿ ಬಾವಿಯಂಥ ಬಾಯಿಗಳು ತೆರೆದಿವೆ. ಮಾಯಾ ಜನರ ನುಡಿಯಿಂದ ಬಂದ ಸೆನೋಟೆ ಎಂಬ ಹೆಸರು ಅವಕ್ಕೆ ಸಲ್ಲುತ್ತದೆ.

ಗವಿಯ ಮಾಡಿನಿಂದ ತೂಗುವ ಕಲ್ಲಿನ ಜಡೆಗಳು ನೀರಿನೊಳಗೆ ಬೆಳೆಯಲಾರವು. ಸುಣ್ಣ ಕೂಡಿದ ನೀರು ಗಾಳಿಯಲ್ಲಿ ಹನಿಹನಿಯಾಗಿ ತೊಟ್ಟಿಕ್ಕಿದರೆ ಮಾತ್ರವೇ ಅವು ಉಂಟಾಗುವವು. ಹಾಗಾದರೆ ನೀರಿನಡಿಯಲ್ಲಿ ಹೇಗೆ ಬಂದವು? ಸುಮಾರು 20,000 ವರುಷಗಳ ಹಿಂದೆ ಭೂಮಿಯ ಬಹಳಷ್ಟು ನೀರು ಹಿಮವಾಗಿ ನಿಂತಿದ್ದದರಿಂದ ಸಮುದ್ರವು ಈಗಿನದಕ್ಕಿಂತ ಸುಮಾರು 120 ಮೀಟರು ತಗ್ಗಿತ್ತು. ಅಂಥ ಹಿಮಯುಗಗಳಲ್ಲಿ ಈ ಗವಿಗಳು ಒಣಗಿದ್ದು, ಜಡೆಗಳು ಬೆಳೆದವು. ಹಿಮ ಕರಗಿ ಸಮುದ್ರವು ಏರಲು ಗವಿಗಳು ತುಂಬಿದವು. 2018ನೆಯ ಇಸವಿಯ ಜನವರಿಯಲ್ಲಿ ಸಕ್ ಆಕ್ತೂನ್, ದೋಸ್ ಓಹೋಸ್ ಎಂಬ ಎರಡು ಗವಿಸಾಲುಗಳು ಒಂದೇ ಎಂದು ಕಂಡುಬಂದಾಗ, ಅಳೆದ ಉದ್ದವು 347 ಕಿಲೋಮೀಟರು ಆಯಿತು. ಬೆಂಗಳೂರಿನಿಂದ ಮಂಗಳೂರಿಗೆ ಹೆಚ್ಚುಕಡಿಮೆ ಇಷ್ಟೇ ದಾರಿ.

ಆದರೆ ಪ್ರವಾಸಿಗಳು ಈ ಉದ್ದದಲ್ಲೆಲ್ಲಾ ಸಂಚರಿಸುವರೆಂದು ಯಾರೂ ಎಣಿಸಬಾರದು. ಗವಿಯ ಬಾಯಿಯಿಂದ ಹಗಲಿನ ಬೆಳಕು ಕಾಣುವಷ್ಟು ಭಾಗವು ಬೇರೆ, ಅದರಾಚೆಯ ಕತ್ತಲೆಯ ಭಾಗವು ಬೇರೆ. ಮಾರ್ಗದರ್ಶಕನು ಪ್ರವಾಸಿಗಳನ್ನು ಮೊದಲನೆಯದಕ್ಕೆ ಮಾತ್ರ ಕರೆದೊಯ್ಯತಕ್ಕದ್ದು. ನೀರಿನ ಮೇಲ್ಮೈಯಿಂದ ಆಳವೂ ದೂರವೂ ಕೂಡಿ 60 ಮೀಟರನ್ನು ದಾಟಬಾರದೆಂಬ ಕಟ್ಟಳೆಯುಂಟು. ಒಬ್ಬ ಮಾರ್ಗದರ್ಶಕನ ಹಿಂದೆ ನಾಲ್ವರಿಗಿಂತ ಹೆಚ್ಚು ಜನ ಹೋಗಬಾರದು. ಅವನಾದರೋ ಕತ್ತಲೆಯ ಗವಿಯ ಪೂರ್ಣ ಶಿಕ್ಷಣವನ್ನು ಹೊಂದಿದವನಾಗಿರಬೇಕು. ಎರಡು ಭಾಗಗಳ ಗಡಿಯಲ್ಲಿ ಅಸ್ಥಿಪಂಜರದ ಚಿತ್ರವುಳ್ಳ ಹಲಗೆಗಳು, ಮುಂದೆ ಹೋಗದಿರಿ ಎಂದು ಎಚ್ಚರಿಸುತ್ತವೆ.

ಈ ಕಟ್ಟಳೆಗಳ ಹಿಂದೆ ಅನೇಕರ ಮರಣವುಂಟು. ಅಮೇರಿಕದ ಷೆಕ್ ಎಕ್ಸ್ಲಿ ಎಂಬವರು ಗವಿಗಳಲ್ಲಿ ಸತ್ತವರ ವೃತ್ತಾಂತಗಳನ್ನು ಪರೀಕ್ಷಿಸಿ, 1979ರಲ್ಲಿ ಒಂದು ಪುಸ್ತಕವನ್ನು ಬರೆದರು. ಅದರಿಂದ ಮುಳುಗುವವರೆಲ್ಲರೂ ಕಲಿತ ಪಾಠಗಳಲ್ಲಿ ಎರಡು ಮುಖ್ಯವಾದವು. ಹೊರಗಿನ ತೆರೆದ ನೀರಿನಿಂದಲೇ ಹೊರಟ ಕಡಿಯದ ಹಗ್ಗವೊಂದು ಯಾವಾಗಲೂ ಕೈಗೆಟುಕುವಂತೆ ಇರಬೇಕು. ಗಾಳಿಯಲ್ಲಿ ಮೂರನೆಯ ಒಂದು ಪಾಲು ಹೋಗುವದಕ್ಕೆ, ಒಂದು ಪಾಲು ಬರುವದಕ್ಕೆ. ಉಳಿದ ಪಾಲು ತನಗಾಗಲಿ ಜೊತೆಯವರಿಗಾಗಲಿ ಕಷ್ಟ ಬಂದರೆ ಬೇಕೆಂದು ಮುಟ್ಟದೆ ಇಡತಕ್ಕದ್ದು. ತೆರೆದ ಸಮುದ್ರದಲ್ಲಿ ತೊಂದರೆಯಾದರೆ ಮೇಲಕ್ಕೆ ಏರಬಹುದು. ಇಲ್ಲಿ ಮೇಲೆ ಕಲ್ಲು. ಬಂದ ದಾರಿಯೇ ಹೋಗುವ ದಾರಿ.

ಇನ್ನು ಚಿತ್ರದ ವಿಚಾರ. ನೀರಿನೊಳಗೆ ಮೊಟ್ಟಮೊದಲು ಚಿತ್ರ ತೆಗೆದವರಲ್ಲಿ ಒಬ್ಬರಾದ ಲೂಯಿ ಬೂತಾನ್ ಎಂಬ ಫ್ರೆಂಚ್ ಪ್ರಾಣಿಶಾಸ್ತ್ರಜ್ಞರು 1893ರಲ್ಲಿ ಸಮುದ್ರದಡಿಯಲ್ಲಿ ಆ ಕೆಲಸವನ್ನು ಮಾಡಿದರು. ನೀರು ಬೆಳಕಿನ ಕೆಂಪು ಬಣ್ಣವನ್ನು ಮೊದಲಾಗಿ ನುಂಗುವದರಿಂದ ಎಲ್ಲವೂ ನೀಲಿಯಾಗಿ ತೋರುತ್ತದೆ. ಕಲ್ಲಿನ ನಿಜವಾದ ಬಣ್ಣ ಬೇಕಾದರೆ ದೀಪವನ್ನು ಒಯ್ಯಬೇಕು. ಆ ದೀಪವು ಕ್ಯಾಮೆರಾದ ಪಕ್ಕದಲ್ಲಿಯೇ ಇದ್ದರೆ ನೀರಿನ ಧೂಳುಕಣಗಳು ಹಿಮ ಸುರಿದಂತೆ ಬೆಳ್ಳಗೆ ಹೊಳೆದು ಚಿತ್ರವನ್ನು ಕೆಡಿಸುವವು. ಆದಕಾರಣ ಅದನ್ನು ದೂರ ಹಿಡಿಯುವರು, ಇಲ್ಲವೆ ಜೊತೆಯವರ ಕೈಗೆ ಕೊಡುವರು. ಕೆಲವು ಗವಿಗಳಲ್ಲಿ ಸಿಹಿನೀರಿನ ಕೆಳಗೆ ಸಮುದ್ರದ ಉಪ್ಪುನೀರು ನಿಂತಿರುತ್ತದೆ. ಅವೆರಡೂ ಬೆರೆಯುವ ಕಡೆ, ಸಕ್ಕರೆಯ ಪಾಕವನ್ನು ನೀರಿಗೆ ಹೊಯ್ದಾಗ ಕಾಣುವ ಸೆಳಕುಗಳಂತೆ ದೃಷ್ಟಿಯೆಲ್ಲಾ ಕದಡುವದು.

ಚಿತ್ರಕಾರನಿಗೆ ಅಪಾಯವು ಅವನ ಆಸಕ್ತಿಯಿಂದಲೇ ಬರುತ್ತದೆ. ಕಣ್ಣು ಕ್ಯಾಮೆರಾದಲ್ಲಿ ನೆಟ್ಟಿರುವಾಗ ಗಾಳಿಯ ಅಳತೆಯೂ ಹಗ್ಗದ ನೆನಪೂ ತಪ್ಪಿಹೋಗುವವು. ಕಾಲನ್ನು ಒಮ್ಮೆ ಅಜಾಗ್ರತೆಯಿಂದ ಬೀಸಿದರೆ ಅಡಿಯ ಸಣ್ಣ ಕೆಸರು ಎದ್ದು, ಸ್ಫಟಿಕದಂಥ ನೀರು ಗಳಿಗೆಯಲ್ಲಿ ಮಬ್ಬಾಗುವದು. ಕೈ ತಗಲಿ ಮುರಿದ ಕಲ್ಲಿನ ಜಡೆಯು ನೀರಿನಡಿಯಲ್ಲಿ ಎಂದೆಂದಿಗೂ ತಿರುಗಿ ಬೆಳೆಯದು. ಆದಕಾರಣ ಮೊದಲು ಕ್ಯಾಮೆರಾ ಇಲ್ಲದೆ ನೀರಿನಲ್ಲಿ ಅಲುಗದೆ ನಿಲ್ಲುವದನ್ನು ಕಲಿಯಬೇಕು. ಮಾರ್ಗದರ್ಶಕನು ತಿರುಗಿರೆಂದು ಸನ್ನೆ ಮಾಡಿದ ಕೂಡಲೇ, ಎಷ್ಟು ಒಳ್ಳೆಯ ದೃಶ್ಯವು ಮುಂದಿದ್ದರೂ, ಬಿಟ್ಟು ತಿರುಗಬೇಕು.

ಇಷ್ಟೆಲ್ಲಾ ಕಷ್ಟದಿಂದ ಫಲವೇನೆಂದು ಕೇಳುವವರಿಗೆ ಒಬ್ಬ ಹುಡುಗಿಯ ಸಂಗತಿಯನ್ನು ಹೇಳುತ್ತೇವೆ. 2007ರಲ್ಲಿ ಮೂವರು ನಿಪುಣರು ಕತ್ತಲೆಯ ದಾರಿಯೊಂದರ ಕೊನೆಯಲ್ಲಿ ದೊಡ್ಡದೊಂದು ಕೂಪವನ್ನು ಕಂಡರು. ಅದಕ್ಕೆ ಓಯೋ ನೆಗ್ರೋ, ಅಂದರೆ ಕಪ್ಪು ಕುಳಿ, ಎಂದು ಹೆಸರಾಯಿತು. ಅದರೊಳಗೆ ಈಗ ವಂಶವಳಿದ ದೊಡ್ಡ ಮೃಗಗಳ ಎಲುಬುಗಳ ಜೊತೆಯಲ್ಲಿ ಹದಿನೈದು ಹದಿನಾರು ವಯಸ್ಸಿನ ಹುಡುಗಿಯೊಬ್ಬಳ ಅಸ್ಥಿಗಳಿದ್ದವು. ಪಂಡಿತರು ಆಕೆಗೆ ನಾಯಾ ಎಂದು ಹೆಸರಿಟ್ಟರು. ಆಕೆ 12,000ಕ್ಕೂ ಹೆಚ್ಚು ವರುಷಗಳ ಹಿಂದೆ, ಗವಿಯು ಒಣಗಿದ್ದ ಕಾಲದಲ್ಲಿ, ಕತ್ತಲೆಯಲ್ಲಿ ಬಿದ್ದು ಸತ್ತಳೆಂದು ಅವರ ಅಭಿಪ್ರಾಯ. ಅಸ್ಥಿಗಳನ್ನು ಮೊದಲು ಇದ್ದಲ್ಲಿಯೇ ಚಿತ್ರ ತೆಗೆದು ಪರೀಕ್ಷಿಸಿದರು. ಅಪ್ಪಣೆಯಿಲ್ಲದೆ ಒಳಹೊಕ್ಕವರಿಂದ ಧಕ್ಕೆಯಾದದರಿಂದ ಬಳಿಕ ಅವುಗಳನ್ನು ಮೇಲೆತ್ತಬೇಕಾಯಿತು. ಆಕೆಯ ಹಲ್ಲಿನಿಂದ ತಿಳಿದ ತಾಯಿಯ ಕಡೆಯ ವಂಶದ ಗುರುತು ಇಂದಿನ ಅಮೇರಿಕದ ಮೂಲನಿವಾಸಿಗಳಲ್ಲಿಯೂ ಇದೆಯೆಂದು 2014ರಲ್ಲಿ ಪ್ರಕಟವಾಯಿತು. ನಮ್ಮ ಮೇಲಿನ ತರಗತಿಯ ಹುಡುಗಿಯರ ವಯಸ್ಸಿನವಳೊಬ್ಬಳು, ಹಿಡಿಯುವದಕ್ಕೆ ಹಗ್ಗವಿಲ್ಲದೆ ಹೋಗಿ ತಿರುಗಿ ಬರಲಿಲ್ಲ. ಹಗ್ಗ ಹಿಡಿದು ಹೋದವರು ಆಕೆಯ ಸುದ್ದಿಯನ್ನು ಲೋಕಕ್ಕೆ ತಂದರು.

ಈ ವಿದ್ಯೆಯಲ್ಲಿ ಸ್ತ್ರೀಯರೂ ಹಿಂದೆ ಬಿದ್ದಿಲ್ಲ. ಗವಿಗಳಲ್ಲಿ ಮುಳುಗಿ ಚಿತ್ರ ತೆಗೆಯುವದರಲ್ಲಿ ಪ್ರಸಿದ್ಧರಾದ ಜಿಲ್ ಹೈನರ್ತ್ ಎಂಬವರನ್ನು ಕೆನಡಾ ದೇಶದ ರಾಯಲ್ ಭೂಗೋಲ ಸಂಘವು 2016ರಲ್ಲಿ ತನ್ನ ಮೊದಲನೆಯ ನಿವಾಸಿ ಅನ್ವೇಷಕಿಯಾಗಿ ನೇಮಿಸಿತು.

ಹಾಗಾದರೆ ಆ ತಾಯಿಗೆ ನಮ್ಮ ಉತ್ತರವೇನು? ಮಗಳನ್ನು ತಡೆಯುವದಕ್ಕೆ ಮುಂಚೆ ಆಕೆಯನ್ನು ಈ ಪ್ರಶ್ನೆಗಳನ್ನು ಕೇಳಿರಿ. ಮುಳುಗುವ ಶಿಕ್ಷಣವನ್ನು ಸರಿಯಾಗಿ ಪಡೆದಿರುವೆಯಾ? ನಿನ್ನ ಮಾರ್ಗದರ್ಶಕನ ಯೋಗ್ಯತಾಪತ್ರವನ್ನು ನೋಡಿರುವೆಯಾ? ಗುಂಪಿನಲ್ಲಿ ಎಷ್ಟು ಮಂದಿ? ಗಾಳಿಯ ಪಾಲು ಮುಗಿದಾಗ ಚಿತ್ರವನ್ನು ಬಿಟ್ಟು ತಿರುಗುವೆಯಾ? ಆ ಸೀಮೆಯ ಜನರು ಕುಡಿಯುವದೂ ಇದೇ ನೆಲದಡಿಯ ನೀರಾದದರಿಂದ, ಮೈಗೆ ಹಚ್ಚಿದ ಲೇಪವನ್ನು ತೊಳೆದು ಇಳಿಯುವೆಯಾ? ಇವೆಲ್ಲಕ್ಕೂ ನೇರವಾದ ಉತ್ತರ ಬಂದರೆ ಆಕೆಯನ್ನು ಧೈರ್ಯವಾಗಿ ಕಳುಹಿಸಬಹುದು. ಒಂದಕ್ಕಾದರೂ ತಡವರಿಸಿದರೆ ಮತ್ತೊಂದು ವರುಷ ಕಾಯಲಿ, ಗವಿ ಎಲ್ಲಿಗೂ ಓಡಿಹೋಗದು.

ಹಿರಿಯಳಿಗೆ ನಾವು ಇದನ್ನೇ ಬರೆದಾಗ ಆಕೆ ಮೂರನೆಯ ಚಿತ್ರವೊಂದನ್ನು ಕಳುಹಿಸಿದಳು. ಅದರಲ್ಲಿ ಬೆಳಕಿನ ಕಂಬವೂ ಇಲ್ಲ, ಕಲ್ಲಿನ ಜಡೆಯೂ ಇಲ್ಲ. ಒಂದು ಹಳದಿಯ ಹಗ್ಗ ಮತ್ತು ಅದರ ಪಕ್ಕದಲ್ಲಿ ಆಕೆಯ ಕೈ, ಇಷ್ಟೇ. ತಾಯಿಯವರು ಆ ಚಿತ್ರವನ್ನೇ ಚೌಕಟ್ಟು ಹಾಕಿಸಿ ಮನೆಯ ಜಗಲಿಯಲ್ಲಿ ತೂಗಹಾಕಿದ್ದಾರೆ.