ಕರಪತ್ರದ ಹಿಂದಿನ ನಾಲ್ಕು ತಿಂಗಳು

ಏಪ್ರಿಲ್ ಮುಗಿಯುತ್ತ ಬಂದಂತೆ ಡೊಂಬಿವಲಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯ ವಸತಿ ವಿಭಾಗದ ಸೊಸೈಟಿಗಳಲ್ಲಿ ನೀರು ನಿಲುಗಡೆಯ ಸೂಚನೆ, ಲಿಫ್ಟ್ ರಿಪೇರಿಯ ಚೀಟಿಗಳ ನಡುವೆ ನೋಟ್‌ಬುಕ್ ಹಾಳೆಯಷ್ಟು ಅಗಲದ ಬಣ್ಣದ ಕರಪತ್ರವೊಂದು ಕಾಣಿಸಿಕೊಳ್ಳುವುದುಂಟು. ಮಕ್ಕಳ ಬೇಸಿಗೆ ಶಿಬಿರ. ಹಾಡು, ಬೈಬಲ್ ಕಥೆ, ಕರಕುಶಲ, ಆಟ, ತಿಂಡಿ. ಮುಂಬೈ ಕಡೆಯ ಚರ್ಚುಗಳಲ್ಲಿ ಇದನ್ನು ಎಲ್ಲರೂ ಕರೆಯುವುದು ವಿಬಿಎಸ್ ಎಂದೇ. ಪೂರ್ತಿ ಹೆಸರು ವೆಕೇಶನ್ ಬೈಬಲ್ ಸ್ಕೂಲ್. ಕನ್ನಡ ಸಭೆಗಳ ಹಿರಿಯರ ಬಾಯಲ್ಲಿ ರಜಾಕಾಲದ ಸತ್ಯವೇದ ಶಾಲೆ. ಓದಲು ಅರ್ಧ ನಿಮಿಷವೂ ಬೇಡದ ಆ ಹಾಳೆಯ ಹಿಂದೆ ಜನವರಿಯಿಂದ ನಡೆದ ಕೆಲಸವಿದೆ. ಮಾಡುವವರು ಜಾಹೀರಾತು ಕಂಪನಿಯವರಲ್ಲ. ವಾರವಿಡೀ ಬ್ಯಾಂಕಿನಲ್ಲೋ ಆಸ್ಪತ್ರೆಯಲ್ಲೋ ಕಾರ್ಖಾನೆಯ ಪ್ರಯೋಗಾಲಯದಲ್ಲೋ ದುಡಿದು, ಭಾನುವಾರ ಸಂಡೇ ಸ್ಕೂಲಿನಲ್ಲಿ ಪಾಠ ಹೇಳುವ ಶಿಕ್ಷಕರು, ಯುವಕ ಸಂಘದ ಹುಡುಗ ಹುಡುಗಿಯರು. ಸಂಬಳವಿಲ್ಲದ ಈ ಕೆಲಸದಲ್ಲಿ ಎಷ್ಟು ಕುಶಲತೆ ಅಡಗಿದೆ ಎಂಬುದು ಹತ್ತಿರದಿಂದ ನೋಡಿದವರಿಗಷ್ಟೇ ಗೊತ್ತು.

ಪ್ರಚಾರಕ್ಕೂ ಈ ಶಾಲೆಗಳಿಗೂ ನಂಟು ಹಳೆಯದು. ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ 1780ರಲ್ಲಿ ಭಾನುವಾರದ ಶಾಲೆ ಆರಂಭಿಸಿದ ರಾಬರ್ಟ್ ರೈಕ್ಸ್ ಸ್ವತಃ ಪತ್ರಿಕೆಯೊಂದರ ಒಡೆಯ. ಮೂರು ವರ್ಷ ಕಾದು, ಫಲ ಕಂಡ ಮೇಲೆ, 1783ರಲ್ಲಿ ತನ್ನ ಪತ್ರಿಕೆಯಲ್ಲಿ ಅದರ ಸುದ್ದಿ ಹಾಕಿದ. ಅಲ್ಲಿಂದ ಮುಂದೆ ಆ ಶಾಲೆಗಳು ದೇಶದ ತುಂಬ ಹಬ್ಬಿದವು. ಭಾರತದಲ್ಲಿ ಇಂಡಿಯಾ ಸಂಡೇ ಸ್ಕೂಲ್ ಯೂನಿಯನ್ ಹುಟ್ಟಿದ್ದು 1876ರಲ್ಲಿ. ರಜೆಯ ಶಾಲೆಯದು ಇನ್ನೊಂದು ಕಥೆ. 1898ರಲ್ಲಿ ನ್ಯೂಯಾರ್ಕಿನ ಬಡ ಕೇರಿಯಲ್ಲಿ ಎಲೈಜಾ ಹಾಸ್ ಎಂಬ ಮಹಿಳೆ ಬೀದಿಯಲ್ಲಿ ಅಲೆಯುವ ಮಕ್ಕಳಿಗಾಗಿ ಅದನ್ನು ನಡೆಸಿದಾಗ ಸಿಕ್ಕ ಜಾಗ ಬಾಡಿಗೆಯ ಬಿಯರ್ ಅಂಗಡಿ. ಮಕ್ಕಳು ಎದುರಿಗೇ ಇದ್ದುದರಿಂದ ಆಕೆ ಅವರನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಡೊಂಬಿವಲಿಯ ಮಕ್ಕಳು ಇರುವುದು ಐದನೇ ಮಹಡಿಯಲ್ಲಿ, ಬಾಗಿಲ ಹಿಂದೆ, ಮೊಬೈಲಿನ ಮುಂದೆ. ಮೇ ತಿಂಗಳಿನಲ್ಲಂತೂ ಎಷ್ಟೋ ಮಕ್ಕಳು ಈ ಊರಿನಲ್ಲೇ ಇರುವುದಿಲ್ಲ.

ಆದ್ದರಿಂದ ಮೊದಲು ಗೊತ್ತಾಗಬೇಕಾದದ್ದು ತಾರೀಖು. ಕ್ಯಾಲೆಂಡರಿನ ಜೊತೆಗೆ ರೈಲ್ವೆ ವೇಳಾಪಟ್ಟಿಯನ್ನೂ ಮುಂದಿಟ್ಟುಕೊಂಡು ಕೂರಬೇಕಾಗುತ್ತದೆ. ಕರಾವಳಿಯವರು ಠಾಣೆಯಲ್ಲೋ ಪನ್ವೇಲಿನಲ್ಲೋ ಮತ್ಸ್ಯಗಂಧ ಹತ್ತುತ್ತಾರೆ. ಬೆಂಗಳೂರು ಕಡೆಯವರು ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿಯುತ್ತಾರೆ. ಮಲಯಾಳಿ ಕುಟುಂಬಗಳು ಕೇರಳಕ್ಕೆ ಹೊರಡುತ್ತವೆ. ಹಿಂದೆ ಟಿಕೆಟ್ ಕಾಯ್ದಿರಿಸುವಿಕೆ 120 ದಿನ ಮೊದಲೇ ತೆರೆಯುತ್ತಿತ್ತು. ಮೇ ಮೊದಲ ವಾರದ ಪ್ರಯಾಣ ಜನವರಿ ಮೊದಲ ವಾರದಲ್ಲೇ ತೀರ್ಮಾನವಾಗಿಬಿಡುತ್ತಿತ್ತು. 2024ರ ನವೆಂಬರ್ 1ರಿಂದ ಆ ಅವಧಿ 60 ದಿನಕ್ಕೆ ಇಳಿಯಿತು. ಈಗ ಶಿಬಿರದ ತಾರೀಖು ಫೆಬ್ರವರಿ ಕೊನೆಯೊಳಗೆ ಮನೆಮನೆಗೆ ತಿಳಿದರೆ ಸಾಕು. ‘ಶಿಬಿರ ಮುಗಿಸಿಕೊಂಡೇ ಊರಿಗೆ ಹೋಗೋಣ’ ಎಂದು ತಾಯಿ ಹೇಳಲು ಅವಕಾಶ ಉಳಿಯುತ್ತದೆ. ಈ ಒಂದು ಲೆಕ್ಕ ತಪ್ಪಿದರೆ ಮುಂದಿನ ಯಾವ ಬಣ್ಣದ ಕಾಗದವೂ ಕೆಲಸಕ್ಕೆ ಬಾರದು.

ಲೆಕ್ಕ ಅಷ್ಟಕ್ಕೇ ನಿಲ್ಲುವುದಿಲ್ಲ. ರಾಜ್ಯ ಮಂಡಳಿಯ ಶಾಲೆಗಳಲ್ಲಿ ಏಪ್ರಿಲ್ ಎಂದರೆ ವಾರ್ಷಿಕ ಪರೀಕ್ಷೆ. ಸಿಬಿಎಸ್‌ಇ ಶಾಲೆಗಳಲ್ಲಿ ಅದೇ ಏಪ್ರಿಲ್ ಹೊಸ ತರಗತಿಯ ಆರಂಭ. ಎರಡಕ್ಕೂ ಹೊಂದುವ ದಿನಗಳು ಕೆಲವೇ. ಈಸ್ಟರ್ ಹಬ್ಬವೋ ವರ್ಷ ವರ್ಷವೂ ಜಾಗ ಬದಲಿಸುತ್ತದೆ: 2024ರಲ್ಲಿ ಮಾರ್ಚ್ 31, 2025ರಲ್ಲಿ ಏಪ್ರಿಲ್ 20, 2026ರಲ್ಲಿ ಏಪ್ರಿಲ್ 5. ಅದರ ಹಿಂದಿನ ವಾರ ಉಪವಾಸ, ಪ್ರಾರ್ಥನೆಗಳ ವಾರ. ಆಗ ಯಾರೂ ಶಿಬಿರದ ಸಡಗರ ಮಾಡುವುದಿಲ್ಲ. ಆದರೆ ಈಸ್ಟರ್ ಬೆಳಿಗ್ಗೆ, ವರ್ಷದಲ್ಲಿ ಎರಡೇ ಸಲ ಚರ್ಚಿಗೆ ಬರುವವರೂ ಬಂದಿರುತ್ತಾರೆ. ಬಾಗಿಲಲ್ಲಿ ಕೈಯಿಂದ ಕೈಗೆ ಕರಪತ್ರ ಕೊಡಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಹಾಗಾಗಿ ಕರಪತ್ರ ಅಚ್ಚಾಗಿ ಬರಬೇಕಾದ ಗಡುವನ್ನೂ ಈಸ್ಟರೇ ನಿರ್ಧರಿಸುತ್ತದೆ.

ಇನ್ನು ಬರಹ. ಡೊಂಬಿವಲಿಯಿಂದ ಮುಂಬೈ ಸಿಎಸ್‌ಎಂಟಿ 48 ಕಿಲೋಮೀಟರು. ಬೆಳಗಿನ ಫಾಸ್ಟ್ ಲೋಕಲಿನಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ನಿಂತ ತಾಯಿಯೇ ಈ ಬರಹದ ನಿಜವಾದ ಓದುಗಿತ್ತಿ. ಅವಳ ಪ್ರಶ್ನೆಗಳು ಸರಳ. ಜಾಗ ಯಾವುದು, ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ, ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಮಗುವನ್ನು ಕರೆದೊಯ್ಯುವವರು ಯಾರು, ತಿಂಡಿ ಅಲ್ಲೇ ಕೊಡುತ್ತಾರೋ, ಹಣ ಎಷ್ಟು. ಪಳಗಿದ ಕೈಗಳು ಈ ಉತ್ತರಗಳನ್ನು ಅದೇ ಕ್ರಮದಲ್ಲಿ ಜೋಡಿಸುತ್ತವೆ. ಘರ್ಡಾ ಸರ್ಕಲ್, ಮಾನ್ಪಾಡಾ ರಸ್ತೆ, ಸೋನಾರ್ಪಾಡಾ, ಪಲಾವ ಎಂದು ವ್ಯಾನ್ ನಿಲ್ಲುವ ಜಾಗಗಳನ್ನು ಹೆಸರಿಸಿ ಬರೆಯುವುದು ‘ವಾಹನ ಸೌಕರ್ಯವಿದೆ’ ಎಂಬುದಕ್ಕಿಂತ ಹತ್ತು ಪಾಲು ಮೇಲು. ವರ್ಷದ ಮುಖ್ಯ ವಿಷಯ, ಅಂದರೆ ಆ ಸಲದ ಹಾಡು, ಕಥೆ, ಕರಕುಶಲಗಳನ್ನೆಲ್ಲ ಬೆಸೆಯುವ ‘ಥೀಮ್’, ಮೇಲ್ಗಡೆ ದೊಡ್ಡದಾಗಿ ಬರುತ್ತದೆ, ಅದು ಮಗುವಿಗಾಗಿ. ಕೆಳಗಿನ ಸಾಲುಗಳೆಲ್ಲ ಹೆತ್ತವರಿಗಾಗಿ.

ಬೈಬಲ್ ಎಂಬ ಪದ ಎಲ್ಲಿ ಬರಬೇಕು ಎಂಬುದು ಪ್ರತಿ ವರ್ಷವೂ ಚರ್ಚೆಗೆ ಬರುವ ಸಂಗತಿ. ಅಕ್ಕಪಕ್ಕದ ಬೇರೆ ಮತದ ಮಕ್ಕಳೂ ಗೆಳೆಯರ ಜೊತೆ ಬರುತ್ತಾರೆ. ಆ ಪದವನ್ನು ಬಿಟ್ಟು ‘ವ್ಯಕ್ತಿತ್ವ ವಿಕಸನ ಶಿಬಿರ’ ಎಂದರೆ ಸಂಖ್ಯೆ ಹೆಚ್ಚೀತು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಒಳ್ಳೆಯ ತಂಡಗಳು ಇದಕ್ಕೆ ಒಪ್ಪುವುದಿಲ್ಲ. ಏನು ಕಲಿಸುತ್ತೇವೆ ಎಂಬುದು ಮೊದಲ ಪುಟದಲ್ಲೇ ಇರಬೇಕು, ನೋಂದಣಿ ಚೀಟಿಯಲ್ಲಿ ಹೆತ್ತವರ ಸಹಿ ಇರಬೇಕು ಎಂಬುದು ಅವರ ನಿಯಮ. ಅದೇ ಸರಿ. ಮುಚ್ಚಿಟ್ಟು ಕರೆದವರನ್ನು ಎರಡನೆಯ ವರ್ಷ ಯಾರೂ ನಂಬುವುದಿಲ್ಲ.

ಭಾಷೆಯದು ದೊಡ್ಡ ಸಾಹಸ. ಎಂಐಡಿಸಿಯ ಸುತ್ತಮುತ್ತ ಮರಾಠಿ, ಹಿಂದಿ, ಮಲಯಾಳಂ, ತಮಿಳು, ಕನ್ನಡ, ತುಳು, ಕೊಂಕಣಿ ಎಲ್ಲವೂ ಒಂದೇ ಕಟ್ಟಡದಲ್ಲಿ ಕೇಳಿಸುತ್ತವೆ. ಮಂಗಳೂರು ಕಡೆಯ ಕ್ಯಾಥೊಲಿಕರು ಕೊಂಕಣಿಯನ್ನು ಕನ್ನಡ ಲಿಪಿಯಲ್ಲೇ ಓದುವವರು. 1938ರಲ್ಲಿ ಶುರುವಾದ ‘ರಾಕ್ಣೊ’ ವಾರಪತ್ರಿಕೆ ಅದೇ ಲಿಪಿಯಲ್ಲಿ ಬರುತ್ತದೆ. ಆದರೆ ಇಲ್ಲಿನ ಡಿಟಿಪಿ ಅಂಗಡಿಯ ಹುಡುಗನಿಗೆ ಕನ್ನಡ ಲಿಪಿ ಬರಿಯ ಚಿತ್ರ. ‘ನುಡಿ’ ಅಥವಾ ‘ಬರಹ’ದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿ ಕಳಿಸಿದರೆ, ಅವನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದಾಗ ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು ಮೂಡುತ್ತವೆ. ಯುನಿಕೋಡಿನಲ್ಲಿ ಕಳಿಸಿದರೆ ಪುಟವಿನ್ಯಾಸದ ಹಳೆಯ ತಂತ್ರಾಂಶಗಳು ಒತ್ತಕ್ಷರಗಳನ್ನು ಬಿಡಿಸಿ ಪಕ್ಕಕ್ಕೆ ಕೂರಿಸುತ್ತವೆ. ‘ವರ್ಷ’ದ ಅರ್ಕಾವತ್ತು ಎಲ್ಲೋ ಹೋಗಿ ನಿಲ್ಲುತ್ತದೆ. ‘ಕ್ರಿಸ್ತ’ ಎಂಬ ಎರಡೇ ಅಕ್ಷರದ ಪದದಲ್ಲಿ ಎರಡು ಒತ್ತುಗಳಿವೆ. ಈ ಕರಪತ್ರದಲ್ಲಿ ಎಂದಿಗೂ ಕೆಡಬಾರದ ಪದವೇ ಮೊದಲು ಕೆಡುವ ಪದ.

ಇದಕ್ಕೆ ಕಂಡುಕೊಂಡ ಉಪಾಯ ಹೀಗೆ. ಕನ್ನಡ ಬಲ್ಲವರೊಬ್ಬರು ಮನೆಯಲ್ಲೇ ಪಠ್ಯವನ್ನು ಬೆರಳಚ್ಚು ಮಾಡಿ, ಅಕ್ಷರಗಳನ್ನು ರೇಖಾಚಿತ್ರವಾಗಿ ಬದಲಿಸುತ್ತಾರೆ. ಇದಕ್ಕೆ ಅಂಗಡಿಯ ಮಾತು ‘ಕರ್ವ್ಸ್ ಮಾಡುವುದು’. ಒಮ್ಮೆ ಕರ್ವ್ಸ್ ಆದ ಮೇಲೆ ಯಾವ ಕಂಪ್ಯೂಟರಿನಲ್ಲೂ ಅಕ್ಷರ ಒಡೆಯದು. ಆದರೆ ತಪ್ಪಿದ್ದರೆ ಕೀಲಿಮಣೆ ಒತ್ತಿ ತಿದ್ದಲೂ ಆಗದು, ಮೊದಲಿನಿಂದ ಮಾಡಬೇಕು. ಆದ್ದರಿಂದ ಕರಡು ತಿದ್ದುವ ಕೆಲಸ ಅದಕ್ಕೂ ಮುಂಚೆಯೇ ಮುಗಿಯಬೇಕು, ಅದೂ ಬೆರಳಚ್ಚು ಮಾಡಿದವರಲ್ಲದ ಇನ್ನೊಬ್ಬರಿಂದ. ತಾನು ಬರೆದದ್ದನ್ನು ತಾನೇ ಓದುವ ಕಣ್ಣು ತಪ್ಪನ್ನು ದಾಟಿಕೊಂಡು ಹೋಗುತ್ತದೆ. ತಾರೀಖು, ವಾರ, ಫೋನ್ ಸಂಖ್ಯೆ ಈ ಮೂರನ್ನು ಗಟ್ಟಿಯಾಗಿ ಓದಿಸಿ ಕೇಳುವ ರೂಢಿಯೂ ಇದೆ. ಫೋನ್ ಸಂಖ್ಯೆಯನ್ನು ಅಲ್ಲೇ ಡಯಲ್ ಮಾಡಿ ನೋಡುವವರೂ ಇದ್ದಾರೆ.

ಮುದ್ರಣದ ಲೆಕ್ಕಾಚಾರ ಬೇರೆ. ಇನ್ನೂರು ಮುನ್ನೂರು ಪ್ರತಿ ಸಾಕಾದರೆ ಡಿಜಿಟಲ್ ಯಂತ್ರ; ಸಾವಿರ ದಾಟಿದರೆ ಆಫ್‌ಸೆಟ್. ಆಫ್‌ಸೆಟ್‌ನಲ್ಲಿ ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟು ಬೇಕು. ಆ ಖರ್ಚು ನೂರು ಪ್ರತಿಗೂ ಸಾವಿರ ಪ್ರತಿಗೂ ಒಂದೇ ಆದ್ದರಿಂದ ಸಂಖ್ಯೆ ಏರಿದಂತೆ ಬಿಡಿ ಪ್ರತಿಯ ಬೆಲೆ ಇಳಿಯುತ್ತದೆ. ಹೊರ ಅಂಚಿನಲ್ಲಿ ಮೂರು ಮಿಲಿಮೀಟರಿನಷ್ಟು ಬಣ್ಣವನ್ನು ಹೆಚ್ಚುವರಿಯಾಗಿ ಬಿಡುತ್ತಾರೆ, ಅದಕ್ಕೆ ಬ್ಲೀಡ್ ಎಂದು ಹೆಸರು. ಕತ್ತರಿಸುವಾಗ ಅಲಗು ಕೂದಲೆಳೆಯಷ್ಟು ಸರಿದರೂ ಬಿಳಿ ಗೆರೆ ಇಣುಕಬಾರದಲ್ಲ. ಎಂಐಡಿಸಿಯ ಬಹುತೇಕ ಘಟಕಗಳಿಗೆ ವಾರದ ರಜೆ ಭಾನುವಾರವಲ್ಲ, ಶುಕ್ರವಾರ. ಗುರುವಾರ ಸಂಜೆಯೊಳಗೆ ಫೈಲು ಕೊಡದವರು ಶನಿವಾರದವರೆಗೆ ಕಾಯಬೇಕು; ಭಾನುವಾರದ ಆರಾಧನೆಗೆ ಕರಪತ್ರ ಸಿಗುವುದಿಲ್ಲ.

ಬ್ಯಾನರಿನ ವಿಚಾರದಲ್ಲಿ ಮಿತವ್ಯಯವೇ ಜಾಣತನ. ಹತ್ತು ಅಡಿ ದೂರದಿಂದ ಓದಬೇಕಾದರೆ ಅಕ್ಷರ ಒಂದು ಇಂಚಾದರೂ ಎತ್ತರ ಇರಬೇಕೆಂಬುದು ಬೋರ್ಡ್ ಬರೆಯುವವರ ಅಂದಾಜು. ರಸ್ತೆಯ ಆಚೆ ಬದಿಯಲ್ಲಿ, ಅರವತ್ತು ಅಡಿ ದೂರದಲ್ಲಿ ಸಾಗುವ ರಿಕ್ಷಾದಿಂದ ಕಾಣಬೇಕಾದರೆ ಆರು ಇಂಚು. ಆರು ಅಡಿ ಅಗಲ, ಮೂರು ಅಡಿ ಎತ್ತರದ ಫ್ಲೆಕ್ಸಿನಲ್ಲಿ ಅಷ್ಟು ದೊಡ್ಡ ಸಾಲುಗಳು ಮೂರೋ ನಾಲ್ಕೋ ಹಿಡಿಸುತ್ತವೆ: ಹೆಸರು, ತಾರೀಖು, ಫೋನು. ಮಿಕ್ಕದ್ದೆಲ್ಲ ಬರಿ ಅಲಂಕಾರ. ಅದನ್ನು ತೂಗುಹಾಕುವುದು ಚರ್ಚಿನ ಸ್ವಂತ ಗೇಟಿಗೆ ಮಾತ್ರ. ಬೀದಿಯಲ್ಲಿ ಹಾಕಬೇಕಾದರೆ ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆಯ ಅನುಮತಿ ಬೇಕು. ಅಕ್ರಮ ಫಲಕಗಳ ಬಗ್ಗೆ ಬಾಂಬೆ ಹೈಕೋರ್ಟು 2017ರಲ್ಲಿ ಕಟುವಾಗಿ ಆದೇಶಿಸಿದೆ. 2024ರ ಮೇ 13ರಂದು ಘಾಟ್ಕೋಪರಿನಲ್ಲಿ ಹೋರ್ಡಿಂಗ್ ಉರುಳಿ 17 ಜನ ಸತ್ತ ಮೇಲೆ ಬ್ಯಾನರ್ ಕಟ್ಟುವ ಹುಡುಗರೂ ಗಾಳಿಯ ದಿಕ್ಕು ನೋಡತೊಡಗಿದ್ದಾರೆ.

ಫೋಟೊ ಆರಿಸುವುದೂ ಒಂದು ವಿದ್ಯೆ. ಹಿಂದಿನ ವರ್ಷದ ಚಿತ್ರಗಳಲ್ಲಿ ನಗುವ ಮುಖಗಳು ಬೇಕಾದಷ್ಟಿರುತ್ತವೆ, ಆದರೆ ಹೆತ್ತವರನ್ನು ಕೇಳದೆ ಮಗುವಿನ ಮುಖ ಅಚ್ಚು ಹಾಕುವಂತಿಲ್ಲ. ಹಿಂದಿನಿಂದ ತೆಗೆದ ಚಿತ್ರ, ಅಂಟು ಮೆತ್ತಿಕೊಂಡ ಕೈಗಳು, ಸಾಲಾಗಿ ಬಿಟ್ಟ ಪುಟ್ಟ ಚಪ್ಪಲಿಗಳು. ಮುಖವಿಲ್ಲದೆಯೂ ಶಿಬಿರದ ಗದ್ದಲ ಅಲ್ಲಿ ಕೇಳಿಸುತ್ತದೆ. ವಾಟ್ಸಾಪಿನಲ್ಲೂ ಇದೇ ಎಚ್ಚರ. ಗುಂಪು ಮಾಡಿದರೆ ಎಲ್ಲ ತಾಯಂದಿರ ಸಂಖ್ಯೆಯೂ ಎಲ್ಲರಿಗೂ ಕಾಣುತ್ತದೆ, ಹಾಗಾಗಿ ಬ್ರಾಡ್‌ಕಾಸ್ಟ್ ಪಟ್ಟಿ ಬಳಸುತ್ತಾರೆ. ಒಂದು ಪಟ್ಟಿಗೆ 256 ಜನ. ಅದೂ ಕಳಿಸುವವರ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗಷ್ಟೇ ತಲುಪುತ್ತದೆ. ‘ನನ್ನ ನಂಬರು ಸೇವ್ ಮಾಡ್ಕೊಳ್ಳಿ ಅಕ್ಕಾ’ ಎಂದು ಫೆಬ್ರವರಿಯಿಂದಲೇ ಆರಾಧನೆ ಮುಗಿದ ಮೇಲೆ ಒಬ್ಬೊಬ್ಬರನ್ನೂ ಕೇಳುತ್ತ ತಿರುಗುವುದು ಅದಕ್ಕಾಗಿಯೇ.

ಎಲ್ಲಕ್ಕಿಂತ ದೂರ ಹೋಗುವುದು ಹಾಡು. ಆ ವರ್ಷದ ಅಭಿನಯ ಗೀತೆಯನ್ನು ಶಿಕ್ಷಕರು ತರಬೇತಿಯಲ್ಲಿ ಕಲಿತು ಬಂದು, ಸಂಡೇ ಸ್ಕೂಲಿನ ಮಕ್ಕಳಿಗೆ ಏಪ್ರಿಲಿನಲ್ಲೇ ಕೈಸನ್ನೆಗಳೊಂದಿಗೆ ಹೇಳಿಕೊಡುತ್ತಾರೆ. ಆ ಮಕ್ಕಳು ಸಂಜೆ ಕಟ್ಟಡದ ಅಂಗಳದಲ್ಲಿ ಅದನ್ನು ಕುಣಿಯುತ್ತಾರೆ. ಪಕ್ಕದ ಮನೆಯ ಮಗು ಅರ್ಧ ಹಾಡು ಕಲಿತು, ಉಳಿದರ್ಧಕ್ಕಾಗಿ ಅಮ್ಮನ ಸೆರಗು ಜಗ್ಗುತ್ತದೆ.

ಕೊನೆಯದು ಮನೆಭೇಟಿ. ಇಬ್ಬಿಬ್ಬರಾಗಿ, ಅವರಲ್ಲಿ ಒಬ್ಬರಾದರೂ ಹೆಂಗಸು, ಸೊಸೈಟಿಯ ಕಾರ್ಯದರ್ಶಿಗೆ ತಿಳಿಸಿಯೇ ಹೋಗುತ್ತಾರೆ. ಕಚೇರಿಗೆ ಹೋಗುವವರ ಮನೆಗೆ ರಾತ್ರಿ ಎಂಟರ ಮೇಲೆ; ಕಾರ್ಖಾನೆಯವರ ಮನೆಗೆ ಶುಕ್ರವಾರ. ಅಲ್ಲಿ ಏಳುವ ಪ್ರಶ್ನೆಗಳು ಕರಪತ್ರದಲ್ಲಿ ಇಲ್ಲದವು. ಈ ಪ್ರದೇಶದಲ್ಲಿ 2016ರ ಮೇ 26ರಂದು ಮತ್ತು 2024ರ ಮೇ 23ರಂದು ರಾಸಾಯನಿಕ ಕಾರ್ಖಾನೆಗಳಲ್ಲಿ ಭಾರಿ ಸ್ಫೋಟಗಳಾದವು. ಎರಡೂ ಶಾಲೆಯ ರಜೆಯ ತಿಂಗಳಿನಲ್ಲೇ. ಹಾಗಾಗಿ ಹಾಲ್ ಯಾವ ಕಡೆಯದು, ಏನಾದರೂ ಆದರೆ ಮಕ್ಕಳನ್ನು ಎಲ್ಲಿ ಒಟ್ಟುಗೂಡಿಸುತ್ತೀರಿ ಎಂದು ಅಪ್ಪಂದಿರು ಕೇಳುತ್ತಾರೆ. ಬಂದ ಶಿಕ್ಷಕಿಯ ಬಳಿ ಅದಕ್ಕೂ ಬರೆದಿಟ್ಟ ಉತ್ತರ ಇರಬೇಕು. ನೋಂದಣಿ ಚೀಟಿಯಲ್ಲಿ ಮಗುವಿನ ತರಗತಿ, ಒಗ್ಗದ ತಿಂಡಿ, ಕರೆದೊಯ್ಯಲು ಬರುವವರ ಹೆಸರು ತುಂಬಿಸಿಕೊಳ್ಳುತ್ತಾರೆ. ಮರುದಿನವೇ ಆ ವಯಸ್ಸಿನ ಗುಂಪಿನ ಶಿಕ್ಷಕಿ ಫೋನ್ ಮಾಡಿ ತನ್ನ ಹೆಸರು ಹೇಳುತ್ತಾಳೆ. ಚೀಟಿ ತುಂಬಿದ ಮೇಲೂ ಅನುಮಾನಿಸುತ್ತಿದ್ದ ಮನೆಗಳನ್ನು ಒಪ್ಪಿಸುವುದು ಬಹುಮಟ್ಟಿಗೆ ಆ ಕರೆಯೇ.

ಡೊಂಬಿವಲಿ, ಕಲ್ಯಾಣ, ನವಿಮುಂಬೈ ಕಡೆಯ ಕನ್ನಡಿಗರಲ್ಲಿ ಒಂದು ಮಾತು. ಚರ್ಚಿನ ಶಿಬಿರವಿರಲಿ, ಕರ್ನಾಟಕ ಸಂಘದ ನಾಟಕವಿರಲಿ, ಇಲ್ಲಿ ಅಚ್ಚಾಗುವ ಕನ್ನಡ ಕರಪತ್ರಕ್ಕೆ ಕರಡು ತಿದ್ದುವವರು ಸಿಗುವುದೇ ಕಷ್ಟ. ಮಾರ್ಚ್ ತಿಂಗಳಲ್ಲಿ ಯಾರಾದರೂ ಒಂದು ಹಾಳೆ ತಂದು ‘ಸ್ವಲ್ಪ ಓದಿ ಕೊಡ್ತೀರಾ’ ಎಂದರೆ, ದಯವಿಟ್ಟು ಕೂತು ಓದಿಕೊಡಿ; ಒತ್ತಕ್ಷರಗಳನ್ನು ಎರಡು ಸಲ ನೋಡಿ.