ಪ್ರಾಚೀನ ಬೆಳ್ಳಿ ನಾಣ್ಯಗಳ ಸಹಜವರ್ಣ

ಬೆಳ್ಳಿಯ ನಾಣ್ಯವು ಕಪ್ಪಾಗಿದ್ದರೆ ಹಳೆಯದೆಂದೂ ಹೊಳೆಯುತ್ತಿದ್ದರೆ ಹೊಸದೆಂದೂ ತಿಳಿಯುವುದು ಲೋಕರೂಢಿ. ಚರಿತ್ರೆಗೆ ನಾಣ್ಯವನ್ನು ಆಧಾರವಾಗಿ ಹಿಡಿಯುವವರು ಈ ರೂಢಿಯನ್ನೇ ನಂಬಿದರೆ, ಕೃತಕವಾದುದು ಪ್ರಮಾಣವೆನಿಸಿ ನಿಜವಾದುದು ತಿರಸ್ಕೃತವಾಗುವ ಸಂಭವವುಂಟು. ಆದಕಾರಣ ಬಣ್ಣದ ಸಾಕ್ಷ್ಯವು ಎಷ್ಟರಮಟ್ಟಿಗೆ ಗ್ರಾಹ್ಯವೆಂಬುದನ್ನು ವಿವೇಚಿಸುವುದು ಯುಕ್ತವಾಗಿದೆ.

ಬೆಳ್ಳಿಯು ಕಪ್ಪೇರುವುದು ಬಹುಮಟ್ಟಿಗೆ ಗಂಧಕದಿಂದ. ಗಾಳಿಯಲ್ಲಿ ಅತ್ಯಲ್ಪವಾಗಿರುವ ಜಲಜನಕದ ಸಲ್ಫೈಡು ತೇವದ ನೆರವಿನಿಂದ ಲೋಹದ ಮೇಲೆ ಬೆಳ್ಳಿಯ ಸಲ್ಫೈಡಿನ ತೆಳುವಾದ ಪೊರೆಯನ್ನು ಕಟ್ಟುತ್ತದೆ. ಪೊರೆಯ ಮೇಲ್ಮೈಯಿಂದಲೂ ಅದರ ಅಡಿಯ ಲೋಹದಿಂದಲೂ ಮರಳುವ ಬೆಳಕಿನ ಕಿರಣಗಳು ಒಂದರೊಡನೊಂದು ಬೆರೆಯುವುದರಿಂದ ಬಣ್ಣಗಳು ತೋರುತ್ತವೆ. ಪೊರೆಯು ದಪ್ಪವಾದಂತೆಲ್ಲ ಎಳೆಹಳದಿ, ಹೊಂಬಣ್ಣ, ಕೆನ್ನೇರಳೆ, ನೀಲಿ ಎಂಬ ಕ್ರಮದಲ್ಲಿ ಬಣ್ಣವು ಮಾರ್ಪಟ್ಟು, ಕಡೆಗೆ ಕಪ್ಪಾಗುತ್ತದೆ. ನಿಧಾನವಾಗಿ ಬೆಳೆದ ಪೊರೆಯಲ್ಲಿ ಈ ಬಣ್ಣಗಳು ಒಂದರೊಳಗೊಂದು ಮೆಲ್ಲನೆ ಕರಗಿದಂತಿರುತ್ತವೆ. ನಡುವಣ ಛಾಯೆಗಳಿಲ್ಲದೆ ಹಳದಿಯು ಒಮ್ಮೆಲೇ ನೀಲಿಗೆ ಹಾರಿದ್ದರೆ, ಅಥವಾ ದ್ರವವು ಹರಿದು ನಿಂತ ಗುರುತು ಕಂಡರೆ, ಗಂಧಕದ ದ್ರಾವಣವನ್ನು ಹಚ್ಚಿರಬಹುದೆಂದು ಶಂಕಿಸಬೇಕು. ಆದರೆ ಸಹಜವಾದ ಪೊರೆಯೂ ಇಂತಹ ಕೃತಕವಾದ ಪೊರೆಯೂ ಸಲ್ಫೈಡೇ ಆದುದರಿಂದ, ಇದು ಶಂಕೆಗೆ ಕಾರಣವೇ ಹೊರತು ನಿರ್ಣಯವಲ್ಲ.

ಇನ್ನೊಂದು ಪರೀಕ್ಷೆಯು ಗೀರುಗಳದು. ಗೀರಿನೊಳಗೂ ಸುತ್ತಲಿನ ಬಣ್ಣವೇ ಹಬ್ಬಿದ್ದರೆ ಗೀರು ಮೊದಲಿನದು, ಬಣ್ಣ ಅನಂತರದ್ದು. ಗೀರು ಬೆಳ್ಳಗೆ ಹೊಳೆದರೆ ಅದು ಬಣ್ಣವೇರಿದ ಮೇಲೆ ಬಿದ್ದುದು. ಉಜ್ಜಿದ ಸಣ್ಣ ಗೀರುಗಳ ಮೇಲೆಲ್ಲ ಏಕರೂಪವಾದ ಬಣ್ಣವಿದ್ದರೆ, ಹಿಂದೊಮ್ಮೆ ತೊಳೆದ ನಾಣ್ಯಕ್ಕೆ ಪುನಃ ಬಣ್ಣವೇರಿದೆಯೆಂದು ಅರ್ಥ.

ನೆಲದಲ್ಲಿ ಹುದುಗಿದ್ದ ನಾಣ್ಯದ ರೀತಿಯೇ ಬೇರೆ. ಮಣ್ಣಿನ ಉಪ್ಪಿನಿಂದ ಬೆಳ್ಳಿಯ ಕ್ಲೋರೈಡು ಉಂಟಾಗಿ ಬೂದುಬಣ್ಣದ ಮಂದವಾದ ಹೊದಿಕೆ ಬೆಳೆಯುತ್ತದೆ. ಬೆರಕೆಯ ತಾಮ್ರವು ಹಸುರು ಕಿಲುಬಾಗಿ ಹೊರಬೀಳುತ್ತದೆ. ಇಂತಹ ನಾಣ್ಯದ ಮೇಲೆ ಕಾಮನಬಿಲ್ಲಿನ ಬಣ್ಣಗಳಿದ್ದರೆ, ಅವು ಸಾಮಾನ್ಯವಾಗಿ ಅಗೆದು ತೆಗೆದು ತೊಳೆದ ಮೇಲೆ ಪೆಟ್ಟಿಗೆಯಲ್ಲಿಯೋ ಕಾಗದದಲ್ಲಿಯೋ ಇಟ್ಟಾಗ ಬಂದವು.

1906ರಲ್ಲಿ ನಾಸಿಕದ ಬಳಿಯ ಜೋಗಲ್ತೆಂಬಿಯಲ್ಲಿ ದೊರೆತ ನಿಧಿಯು ಇಲ್ಲಿ ಉತ್ತಮ ನಿದರ್ಶನ. ಅದರಲ್ಲಿದ್ದ ಹದಿಮೂರು ಸಾವಿರಕ್ಕೂ ಹೆಚ್ಚಿನ ಬೆಳ್ಳಿ ನಾಣ್ಯಗಳು ಕ್ಷಹರಾತ ನಹಪಾನನವು. ಬಹುಭಾಗದ ಮೇಲೆ ಗೌತಮೀಪುತ್ರ ಶಾತಕರ್ಣಿಯು ತನ್ನ ಮುದ್ರೆಯನ್ನು ಪುನಃ ಒತ್ತಿಸಿದ್ದನು. ನಹಪಾನನು ಸೋತನೆಂಬುದಕ್ಕೆ ಇದು ಪ್ರಬಲವಾದ ಪ್ರಮಾಣ. ಆದರೆ ಆ ಪ್ರಮಾಣವಿರುವುದು ಮುದ್ರೆಯ ಮೇಲೆ ಬಿದ್ದ ಮುದ್ರೆಯಲ್ಲಿ, ಬಣ್ಣದಲ್ಲಲ್ಲ. ಹೂಳಿದ ಮೇಲೆ ಬೆಳೆದ ಹೊದಿಕೆಗೆ ಎರಡು ಮುದ್ರೆಗಳೂ ಸಮಾನ. ನಹಪಾನನ ನಾಣ್ಯಗಳ ಅಂಚಿನಲ್ಲಿ ಗ್ರೀಕ್, ಬ್ರಾಹ್ಮೀ, ಖರೋಷ್ಠೀ ಅಕ್ಷರಗಳುಂಟು. ಪೊರೆಯಾಗಿರುವುದು ನಾಣ್ಯದ್ದೇ ಬೆಳ್ಳಿಯಾದುದರಿಂದ, ಹೊಳಪಿನ ಆಸೆಗೆ ಅದನ್ನು ತೆಗೆದಾಗಲೆಲ್ಲ ಈ ಸೂಕ್ಷ್ಮಾಕ್ಷರಗಳು ಸವೆಯುತ್ತವೆ.

ತಾಳೆಯೋಲೆಯಲ್ಲಿ ಕಂಠದಿಂದ ಕೊರೆದ ಅಕ್ಷರಕ್ಕೆ ಮಸಿಯನ್ನು ಯಾವಾಗ ಬೇಕಾದರೂ ಹಚ್ಚಬಹುದು. ಮಸಿಯ ಕಪ್ಪಿನಿಂದ ಬರಹದ ಕಾಲವು ತಿಳಿಯದು. ನಾಣ್ಯದ ಬಣ್ಣವೂ ಹಾಗೆಯೇ. ಅದು ನಾಣ್ಯವು ಈಚೆಗೆ ಎಲ್ಲಿತ್ತು, ಯಾವ ಕೈಗಳಿಗೆ ಸಿಕ್ಕಿತು ಎಂಬುದನ್ನು ಹೇಳೀತು. ಹುಟ್ಟಿದ ಕಾಲವನ್ನು ಹೇಳದು. ಆ ನಿರ್ಣಯಕ್ಕೆ ತೂಕ, ಲೋಹ, ಅಚ್ಚು, ಲಿಪಿ ಇವೇ ಮುಖ್ಯ. ಬಣ್ಣವು ಇವುಗಳಿಗೆ ಪೋಷಕಸಾಕ್ಷಿ ಮಾತ್ರ.