ಫ್ರಿಜ್ ಸತ್ತ ಮೇಲೆ

ದೀಪಾವಳಿ ಹತ್ತಿರವಾದಂತೆ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಶುರುವಾಗುತ್ತದೆ: ಹಳೆಯ ಫ್ರಿಜ್ ಕೊಡಿ, ಹೊಸದು ಒಯ್ಯಿರಿ. ಹೊಸದು ಮನೆಗೆ ಬಂದ ದಿನ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು, ಮೊದಲು ಹಾಲಿನ ಪಾತ್ರೆಯನ್ನೇ ಒಳಗಿಡುವವರುಂಟು. ಅದೇ ಹೊತ್ತಿಗೆ ಹೊರಗೆ ಇಬ್ಬರು ಹುಡುಗರು ಹದಿನೈದಿಪ್ಪತ್ತು ವರ್ಷ ದುಡಿದ ಹಳೆಯ ಫ್ರಿಜ್ಜನ್ನು ಟೆಂಪೊದಲ್ಲಿ ಅಡ್ಡ ಮಲಗಿಸಿ ಹಗ್ಗ ಬಿಗಿಯುತ್ತಿರುತ್ತಾರೆ. ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ.

ಕೇಳದಿರುವುದಕ್ಕೆ ಕಾರಣವೂ ಇದೆ. ನಮ್ಮಲ್ಲಿ ಏನನ್ನಾದರೂ ಪೂರ್ತಿಯಾಗಿ ಬಿಸಾಡುವ ರೂಢಿಯೇ ಇರಲಿಲ್ಲ. ಹಳೆಯ ಸೀರೆ ಕೌದಿಯಾಗುತ್ತಿತ್ತು, ತೂತುಬಿದ್ದ ತಾಮ್ರದ ಹಂಡೆ ತೂಕಕ್ಕೆ ಹೋಗಿ ಹೊಸ ಪಾತ್ರೆಯಾಗಿ ಮರಳುತ್ತಿತ್ತು. ‘ಹಳೇ ಕಬ್ಬಿಣ, ಹಳೇ ಪೇಪರ್’ ಎಂದು ಕೂಗುತ್ತ ಬೀದಿಯಲ್ಲಿ ಹೋಗುವಾತನಿಂದ ಹಿಡಿದು ಬೆಂಗಳೂರಿನ ಜಾಲಿ ಮೊಹಲ್ಲಾದ ಗುಜರಿ ಮಳಿಗೆಗಳವರೆಗೆ ಹಬ್ಬಿದ ಈ ಸರಪಳಿಯನ್ನು ಯಾವ ಸರಕಾರವೂ ಕಟ್ಟಿದ್ದಲ್ಲ. ಆದರೂ ಅದರ ಕೆಲಸ ಅಚ್ಚುಕಟ್ಟು. ಅದರ ಸೂತ್ರ ಒಂದೇ: ಯಾವುದಕ್ಕೆ ತೂಕವಿದೆಯೋ, ಬೆಲೆಯಿದೆಯೋ ಅದು ಉಳಿಯುತ್ತದೆ. ಫ್ರಿಜ್ ಈ ಸೂತ್ರವನ್ನು ಮುರಿದ ವಸ್ತು. ಅದರೊಳಗೆ ಹಾನಿಕರವಾದದ್ದಕ್ಕೆ ತೂಕವೂ ಇಲ್ಲ, ಬೆಲೆಯೂ ಇಲ್ಲ.

ಗುಜರಿ ಅಂಗಡಿಯ ಹಿಂದಿನ ಬಯಲಿನಲ್ಲಿ ಫ್ರಿಜ್ ಬಿಚ್ಚುವುದನ್ನು ನೋಡಿ. ಮೊದಲ ಕಣ್ಣು ಕಂಪ್ರೆಸರ್ ಮೇಲೆ. ಅದರ ಮೋಟಾರಿನಲ್ಲಿ ತಾಮ್ರದ ತಂತಿ ಇದೆ. ತಾಮ್ರದ ಕೊಳವೆಗೆ ಒಂದು ಪೆಟ್ಟು ಕೊಟ್ಟರೆ ಬುಸ್ಸೆಂದು ಸದ್ದು ಬರುತ್ತದೆ, ಕೆಲವೇ ಕ್ಷಣಗಳಲ್ಲಿ ನಿಲ್ಲುತ್ತದೆ. ಬಣ್ಣವಿಲ್ಲ, ಹೊಗೆಯಿಲ್ಲ. ಯಾರೂ ಕೆಮ್ಮುವುದೂ ಇಲ್ಲ. ಆಮೇಲೆ ಅಲ್ಯೂಮಿನಿಯಂ, ತಗಡು, ಪ್ಲಾಸ್ಟಿಕ್ ಬೇರೆಯಾಗುತ್ತವೆ. ಕೊನೆಗೆ ಉಳಿಯುವುದು ಗೋಡೆಯ ಒಳಗಿನ ಹಳದಿ ಫೋಮ್. ಅದನ್ನು ಕೊಳ್ಳುವವರಿಲ್ಲ. ಕಸದ ಗುಂಡಿಗೆ ಹೋಗುತ್ತದೆ, ಇಲ್ಲವೇ ಬೆಂಕಿಗೆ.

ಬುಸ್ಸೆಂದು ಹೋದದ್ದು ಏನು ಎಂದು ತಿಳಿಯಲು ನೂರು ವರ್ಷ ಹಿಂದಕ್ಕೆ ಹೋಗಬೇಕು. ಆಗಿನ ಫ್ರಿಜ್ಜುಗಳಲ್ಲಿ ತಂಪು ಮಾಡಲು ಗಂಧಕದ ಡೈಆಕ್ಸೈಡ್, ಅಮೋನಿಯ ಅಥವಾ ಮೀಥೈಲ್ ಕ್ಲೋರೈಡ್ ತುಂಬುತ್ತಿದ್ದರು. ಮೂರೂ ವಿಷ. ರಾತ್ರಿ ಸೋರಿದರೆ ಮನೆಮಂದಿ ಬೆಳಿಗ್ಗೆ ಏಳುತ್ತಿರಲಿಲ್ಲ. ಬರ್ಲಿನ್ ನಗರದಲ್ಲಿ ಹೀಗೊಂದು ಕುಟುಂಬ ಸತ್ತ ಸುದ್ದಿ ಓದಿಯೇ ಆಲ್ಬರ್ಟ್ ಐನ್‌ಸ್ಟೈನ್ ತಮ್ಮ ಗೆಳೆಯ ಲಿಯೊ ಜಿಲಾರ್ಡ್ ಜತೆ ಸೇರಿ ಚಲಿಸುವ ಭಾಗಗಳೇ ಇಲ್ಲದ ಫ್ರಿಜ್ ರೂಪಿಸಲು ಹೊರಟರು ಎನ್ನುತ್ತಾರೆ. 1930ರಲ್ಲಿ ಅಮೆರಿಕದ ಪೇಟೆಂಟ್ ಕೂಡ ಸಿಕ್ಕಿತು. ಆದರೆ ಆ ಫ್ರಿಜ್ ಅಂಗಡಿಗೆ ಬರಲಿಲ್ಲ. ಅಷ್ಟರಲ್ಲಿ ಬೇರೊಬ್ಬರು ಬೇರೆ ಉತ್ತರ ಹುಡುಕಿಯಾಗಿತ್ತು.

ಅವರು ಥಾಮಸ್ ಮಿಜ್ಲಿ. ಜನರಲ್ ಮೋಟಾರ್ಸ್ ಕಂಪನಿಯ ಎಂಜಿನಿಯರು. ಪೆಟ್ರೋಲಿಗೆ ಸೀಸ ಬೆರೆಸಿದವರೂ ಇವರೇ. ಒಬ್ಬನೇ ಮನುಷ್ಯನ ಎರಡು ಕಾಣಿಕೆಗಳನ್ನು ಜಗತ್ತು ಇಂದಿಗೂ ತೊಳೆಯುತ್ತಿದೆ. 1928ರಲ್ಲಿ ಅವರ ತಂಡ ಸಿದ್ಧಪಡಿಸಿದ ಅನಿಲ ವಿಷವಲ್ಲ, ಉರಿಯುವುದಿಲ್ಲ, ಯಾವುದರ ಜತೆಗೂ ಬೆರೆತು ಕೆಡುವುದಿಲ್ಲ. 1930ರಲ್ಲಿ ರಸಾಯನ ವಿಜ್ಞಾನಿಗಳ ಸಭೆಯ ಮುಂದೆ ಮಿಜ್ಲಿ ಅದನ್ನು ಎದೆತುಂಬ ಎಳೆದುಕೊಂಡು, ಉರಿಯುವ ಮೇಣದ ಬತ್ತಿಯ ಮೇಲೆ ಊದಿ ಆರಿಸಿ ತೋರಿಸಿದರು. ವಿಷವೂ ಅಲ್ಲ, ಬೆಂಕಿಯೂ ಹತ್ತದು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಇದೇ ಕ್ಲೋರೋಫ್ಲೋರೋಕಾರ್ಬನ್, ಚುಟುಕಾಗಿ ಸಿಎಫ್‌ಸಿ. ಫ್ರಿಜ್ ನಿರ್ಭಯವಾಗಿ ಅಡುಗೆಮನೆಯೊಳಗೆ ಬಂದದ್ದು ಇದರಿಂದ. 1958ರಲ್ಲಿ ಗೋದ್ರೆಜ್ ಭಾರತದ ಮೊದಲ ಫ್ರಿಜ್ ತಯಾರಿಸಿದಾಗ ಜಗತ್ತಿನಾದ್ಯಂತ ಮನೆಬಳಕೆಯ ಫ್ರಿಜ್ಜುಗಳಲ್ಲಿ ರೂಢಿಯಲ್ಲಿದ್ದದ್ದು ಈ ಅನಿಲವೇ.

ಯಾವುದರ ಜತೆಗೂ ಬೆರೆಯದ ಗುಣವೇ ಮುಳುವಾಯಿತು. ನೆಲದ ಸಮೀಪ ಕೆಡದ ಅನಿಲ ವರ್ಷಗಟ್ಟಲೆ ಅಲೆದು ಮೇಲಕ್ಕೆ ಏರುತ್ತದೆ. ಅಲ್ಲಿ ಸೂರ್ಯನ ಅತಿನೇರಳೆ ಕಿರಣ ಅದನ್ನು ಒಡೆಯುತ್ತದೆ, ಬಿಡುಗಡೆಯಾದ ಕ್ಲೋರಿನ್ ಪರಮಾಣು ಓಜೋನನ್ನು ಒಂದರ ಹಿಂದೊಂದು ಸಾವಿರಗಟ್ಟಲೆ ಮುರಿಯುತ್ತದೆ. 1974ರಲ್ಲಿ ಮಾರಿಯೊ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್ ಹೀಗೆಂದಾಗ ಉದ್ಯಮಿಗಳು ನಕ್ಕರು. 1985ರಲ್ಲಿ ಅಂಟಾರ್ಕ್ಟಿಕದ ಮೇಲೆ ಓಜೋನ್ ಪದರ ತೆಳುವಾದದ್ದನ್ನು ಬ್ರಿಟಿಷ್ ವಿಜ್ಞಾನಿಗಳು ಅಳೆದು ತೋರಿಸಿದ ಮೇಲೆ ನಗು ನಿಂತಿತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು, ಭಾರತ 1992ರಲ್ಲಿ ಸೇರಿತು, ಅಭಿವೃದ್ಧಿಶೀಲ ದೇಶಗಳಿಗೆ 2010ರ ಗಡುವು ಬಿತ್ತು.

ಕತೆ ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ಭಾವಿಸಿದ್ದೇವೆ. ಕಾರ್ಖಾನೆಗಳು ನಿಂತದ್ದು ನಿಜ. ಆದರೆ ಅದಕ್ಕೆ ಮೊದಲು ತಯಾರಾದ ಅನಿಲ ಎಲ್ಲಿದೆ? ಹಳೆಯ ಫ್ರಿಜ್ಜುಗಳಲ್ಲಿದೆ. ಅದೂ ಕೊಳವೆಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಗೋಡೆಯಲ್ಲಿದೆ. ಆ ಹಳದಿ ಫೋಮನ್ನು ಉಬ್ಬಿಸಲು ಬಳಸಿದ್ದೂ ಸಿಎಫ್‌ಸಿಯನ್ನೇ. ಅದರ ಒಂದೊಂದು ಗುಳ್ಳೆಯೂ ಅನಿಲದ ಪುಟ್ಟ ಡಬ್ಬಿ. ಪುಡಿ ಮಾಡಿದರೆ ಹೊರಬೀಳುತ್ತದೆ, ಗುಂಡಿಯಲ್ಲಿ ಹೂತರೆ ನಿಧಾನವಾಗಿ ಸೋರುತ್ತದೆ. ಸುಟ್ಟರೆ ಇನ್ನೂ ಕೆಟ್ಟದ್ದು: ಫೋಮಿನಿಂದ ಸಯನೈಡಿನ ಅನಿಲ, ಸಿಎಫ್‌ಸಿಯಿಂದ ಆಮ್ಲದ ಹೊಗೆ ಎದ್ದು ಸುಡುವ ಹುಡುಗನ ಮೂಗಿಗೇ ಬಡಿಯುತ್ತವೆ.

ಈ ಫೋಮಿನ ಬೆಲೆ ಬ್ರಿಟನ್ನಿಗೆ ತಿಳಿದದ್ದು 2002ರಲ್ಲಿ. ಅಲ್ಲಿ ಅಂಗಡಿಯವರು ಹೊಸ ಫ್ರಿಜ್ ಕೊಟ್ಟಾಗ ಹಳೆಯದನ್ನು ಪುಕ್ಕಟೆ ಒಯ್ಯುತ್ತಿದ್ದರು. ಒಂದಿಷ್ಟು ರಿಪೇರಿಯಾಗಿ ಬಡ ದೇಶಗಳಿಗೆ ಹಡಗೇರುತ್ತಿದ್ದವು. ಕೊಳವೆಯಷ್ಟೇ ಅಲ್ಲ, ಫೋಮಿನ ಅನಿಲವನ್ನೂ ತೆಗೆಯಲೇಬೇಕೆಂಬ ಯುರೋಪಿನ ನಿಯಮ ಆ ವರ್ಷದ ಜನವರಿ 1ರಿಂದ ಜಾರಿಗೆ ಬಂತು. ಜರ್ಮನಿಯಂಥ ದೇಶಗಳಲ್ಲಿ ಅದಕ್ಕೆ ಬೇಕಾದ ಯಂತ್ರಗಳಿದ್ದವು, ಬ್ರಿಟನ್ನಿನಲ್ಲಿ ಒಂದೂ ಇರಲಿಲ್ಲ. ನಿಯಮದಲ್ಲಿ ಫೋಮ್ ಸೇರಿದೆಯೇ ಇಲ್ಲವೇ ಎಂದು ಅಧಿಕಾರಿಗಳು ಪತ್ರ ಬರೆಯುತ್ತ ಕುಳಿತಿದ್ದರಂತೆ. ಕಡತದ ಮಹಿಮೆ ನಮ್ಮಲ್ಲಿ ಮಾತ್ರ ಎಂದು ತಿಳಿಯಬೇಡಿ. ಅಂಗಡಿಗಳು ಹಳೆಯದನ್ನು ಮುಟ್ಟಲೊಲ್ಲೆವೆಂದವು, ಹಡಗು ನಿಂತಿತು. ಖಾಲಿ ಬಯಲುಗಳಲ್ಲಿ ಬಿಳಿ ಪೆಟ್ಟಿಗೆಗಳ ಗುಡ್ಡ ಬೆಳೆಯಿತು. ಪತ್ರಿಕೆಗಳು ಅದಕ್ಕೆ ‘ಫ್ರಿಜ್ ಪರ್ವತ’ ಎಂದೇ ಹೆಸರಿಟ್ಟವು, ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು. ಯಂತ್ರಗಳನ್ನು ತರಿಸಿ ಆ ಗುಡ್ಡ ಕರಗಿಸಬೇಕಾಯಿತು.

ಆ ಯಂತ್ರ ಮಾಡುವುದಿಷ್ಟು. ಮೊದಲು ಕೊಳವೆಗೆ ಸೂಜಿ ಚುಚ್ಚಿ ಅನಿಲವನ್ನೂ ಕಂಪ್ರೆಸರಿನ ಎಣ್ಣೆಯನ್ನೂ ಹೀರುತ್ತದೆ. ಎಣ್ಣೆಯಲ್ಲೂ ಅನಿಲ ಕರಗಿರುವುದರಿಂದ ಅದನ್ನು ಬಿಸಿಮಾಡಿ ಬೇರ್ಪಡಿಸುತ್ತಾರೆ. ಕಂಪ್ರೆಸರ್ ತೆಗೆದ ಮೇಲೆ ಇಡೀ ಪೆಟ್ಟಿಗೆಯನ್ನು ಗಾಳಿಯಾಡದ ಕೋಣೆಯೊಳಗೆ ಚೂರುಚೂರು ಮಾಡುತ್ತಾರೆ. ಫೋಮಿನಿಂದ ಹೊರಟ ಅನಿಲವನ್ನು ತಣಿಸಿ ದ್ರವ ಮಾಡಿ, ಸಾವಿರ ಡಿಗ್ರಿಗೂ ಮೀರಿದ ಕುಲುಮೆಯಲ್ಲಿ ನಾಶಪಡಿಸುತ್ತಾರೆ. ಕಬ್ಬಿಣವನ್ನು ಅಯಸ್ಕಾಂತ ಎಳೆದುಕೊಳ್ಳುತ್ತದೆ. ಉಳಿದದ್ದೆಲ್ಲ ನಮ್ಮ ಗುಜರಿಯವರು ಕೈಯಲ್ಲೇ ಮಾಡುವ ವಿಂಗಡಣೆ. ತಂಪಿನ ಪೆಟ್ಟಿಗೆಯನ್ನು ಒಡೆಯಲು ಇಷ್ಟು ದುಬಾರಿ ಏರ್ಪಾಡು ಬೇಕಾಗಿರುವುದು ಬೆಲೆಯಿಲ್ಲದ ಆ ಅನಿಲವನ್ನು ಹಿಡಿಯುವುದಕ್ಕೆ ಮಾತ್ರ. ಹಾಗಾಗಿ ಖರ್ಚನ್ನು ಯಾರಾದರೂ ಹೊರಬೇಕು. ಜಪಾನಿನಲ್ಲಿ 2001ರಿಂದ ಬಳಕೆದಾರನೇ ಹೊರುತ್ತಾನೆ: ಫ್ರಿಜ್ ಎಸೆಯಲು ಶುಲ್ಕ ಕೊಡಬೇಕು.

ಭಾರತ ಆ ಹೊರೆಯನ್ನು ತಯಾರಕನ ಹೆಗಲಿಗೆ ಹಾಕಿದೆ. 2012ರ ಮೇ ತಿಂಗಳಿನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಲ್ಲೇ ಫ್ರಿಜ್ ಸೇರಿತ್ತು. 2023ರ ಏಪ್ರಿಲ್‌ನಿಂದ ಹೊಸ ನಿಯಮಗಳು ಬಂದಿವೆ. ತಾನು ಮಾರಿದ್ದಕ್ಕೆ ತಕ್ಕಷ್ಟು ಹಳೆಯ ಮಾಲು ನೋಂದಾಯಿತ ಮರುಬಳಕೆ ಘಟಕದಲ್ಲಿ ಕರಗಿದೆ ಎಂದು ಕಂಪನಿ ಲೆಕ್ಕ ಒಪ್ಪಿಸಬೇಕು. ಇಂಥ ಘಟಕಗಳ ವಿಷಯದಲ್ಲಿ ಕರ್ನಾಟಕ ಮುಂದಿತ್ತು. ಬೆಂಗಳೂರಿನ ಹೊರಗೆ ದಾಬಸ್‌ಪೇಟೆಯ ಇ-ಪರಿಸರ 2005ರಲ್ಲೇ ಆರಂಭವಾಯಿತು. ಆದರೆ ಘಟಕದವರು ಕೊಡುವುದಕ್ಕಿಂತ ನಾಲ್ಕು ಕಾಸು ಹೆಚ್ಚು ಕೊಟ್ಟು, ಮೂರನೆಯ ಮಹಡಿಯಿಂದ ತಾನೇ ಹೊತ್ತಿಳಿಸುವ ಗುಜರಿಯವನ ಮುಂದೆ ನಿಯಮ ಸೋಲುವುದು ಸಹಜ. ಅವನನ್ನು ದೂರಿ ಫಲವಿಲ್ಲ. ಅನಿಲ ಹಿಡಿದು ತಂದರೆ ಇಷ್ಟು ಹಣ ಎಂದು ಯಾರಾದರೂ ಹೇಳಿದರೆ ಅದನ್ನೂ ಅವನು ಅಚ್ಚುಕಟ್ಟಾಗಿ ಹಿಡಿದು ತಂದಾನು ಎಂಬುದು ನನ್ನ ನಂಬಿಕೆ.

ಹಾಗಾದರೆ ಮನೆಯವರು ಮಾಡಬಹುದಾದದ್ದೇನು? ಮೊದಲು ಫ್ರಿಜ್ಜಿನ ಹಿಂದಿನ ಅಥವಾ ಒಳಗಿನ ಚೀಟಿ ಓದಿ. ಅಲ್ಲಿ ಇಂಗ್ಲಿಷಿನ ಆರ್ ಅಕ್ಷರದ ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ. 12 ಎಂದಿದ್ದರೆ ಅದು ಸಿಎಫ್‌ಸಿ. ಅದರ 100 ಗ್ರಾಂ ಗಾಳಿಗೆ ಸೇರಿದರೆ ಓಜೋನಿಗೆ ಆಗುವ ಹಾನಿಯಲ್ಲದೆ, ಭೂಮಿಯ ಬಿಸಿಯೇರುವಿಕೆಗೆ ಸುಮಾರು ಒಂದು ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟಾಗುತ್ತದೆ. 134ಎ ಎಂದಿದ್ದರೆ ಓಜೋನಿಗೆ ಅಪಾಯವಿಲ್ಲ, ಬಿಸಿಯೇರಿಸುವ ಗುಣ ಮಾತ್ರ ಇಂಗಾಲದ ಡೈಆಕ್ಸೈಡಿನ ಸಾವಿರ ಪಟ್ಟಿಗೂ ಹೆಚ್ಚು. ಇದನ್ನೂ ಕಡಿಮೆ ಮಾಡುವುದಕ್ಕೆ 2016ರಲ್ಲಿ ಕಿಗಾಲಿಯಲ್ಲಿ ಒಪ್ಪಂದವಾಗಿದೆ. 600ಎ ಎಂದಿದ್ದರೆ ಒಳಗಿರುವುದು ಐಸೊಬ್ಯುಟೇನ್, ಅಡುಗೆ ಅನಿಲದ ಸೋದರ. ವಾತಾವರಣಕ್ಕೆ ಇದರಿಂದ ಹೆಚ್ಚು ತೊಂದರೆಯಿಲ್ಲ, ಆದರೆ ಬೆಂಕಿ ಹತ್ತುತ್ತದೆ. ಮುಚ್ಚಿದ ಜಾಗದಲ್ಲಿ ಅದರ ಕೊಳವೆ ಕತ್ತರಿಸುವುದು ಜೀವದ ಜತೆ ಆಟ.

ಇನ್ನೂ ಓಡುವ ಫ್ರಿಜ್ಜನ್ನು ಬೀಡಾ ಅಂಗಡಿಗೋ ಹಾಸ್ಟೆಲಿಗೋ ಕೊಡುವುದು ನಮ್ಮ ಹಳೆಯ ಪದ್ಧತಿ. ಹತ್ತು ವರ್ಷದ್ದಾದರೆ ಕೊಡಿ. ಆದರೆ 12ರ ಚೀಟಿಯ ಮುದುಕನಿಗೆ ಎರಡನೆಯ ಬಾಳು ಬೇಡ: ಬಾಗಿಲಿನ ರಬ್ಬರು ಸಡಿಲವಾಗಿ ಕಂಪ್ರೆಸರ್ ಹಗಲು ರಾತ್ರಿ ಓಡುತ್ತದೆ, ಕರೆಂಟು ಬಿಲ್ಲನ್ನು ಬಡ ಅಂಗಡಿಯವನು ಕಟ್ಟುತ್ತಾನೆ, ಸೋರುವ ತೂತು ಮುಚ್ಚದೆ ಮೆಕ್ಯಾನಿಕ್ ಮತ್ತೆ ಮತ್ತೆ ಗ್ಯಾಸ್ ತುಂಬುತ್ತಾನೆ. ಅದನ್ನು ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿ, ಇಲ್ಲವೇ ನೋಂದಾಯಿತ ಘಟಕಕ್ಕೆ ತಿಳಿಸಿ ಒಪ್ಪಿಸುವುದೇ ಸರಿ. ವಿನಿಮಯಕ್ಕೆ ಕೊಡುವುದಾದರೆ ಹಳೆಯದು ಯಾವ ಘಟಕಕ್ಕೆ ಹೋಗುತ್ತದೆ ಎಂದು ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಿ, ಚೀಟಿ ಬರೆಸಿಕೊಳ್ಳಿ. ಸಾಗಿಸುವಾಗ ನಿಲ್ಲಿಸಿಯೇ ಒಯ್ಯಲಿ. ಹಿಂದಿನ ಕೊಳವೆಗಳಿಗೆ ಹಗ್ಗ ಬಿಗಿದು ಎತ್ತಬಾರದು.

ಇನ್ನೊಂದು ವಿಷಯ ಅನಿಲಕ್ಕೆ ಸಂಬಂಧಿಸಿದ್ದಲ್ಲ. ಹಿಂದಿನ ಫ್ರಿಜ್ಜುಗಳ ಬಾಗಿಲಿಗೆ ಹೊರಗಿನಿಂದ ಮಾತ್ರ ತೆರೆಯುವ ಚಿಲಕವಿತ್ತು. ಹಿತ್ತಲಿಗೆ ಎಸೆದ ಪೆಟ್ಟಿಗೆಗಳೊಳಗೆ ಕಣ್ಣಾಮುಚ್ಚಾಲೆಗೆಂದು ಅಡಗಿದ ಮಕ್ಕಳು ಅಮೆರಿಕದಲ್ಲಿ ಒಬ್ಬರಾದ ಮೇಲೊಬ್ಬರು ಉಸಿರುಗಟ್ಟಿ ಸತ್ತರು. ದಪ್ಪ ಗೋಡೆಯಿಂದ ಕೂಗು ಹೊರಗೆ ಕೇಳುತ್ತಿರಲಿಲ್ಲ. 1956ರಲ್ಲಿ ಅಲ್ಲಿ ಕಾನೂನು ಬಂತು, 1958ರ ಅಕ್ಟೋಬರ್ ಕೊನೆಯ ನಂತರ ತಯಾರಾದ ಫ್ರಿಜ್ ಒಳಗಿನಿಂದಲೂ ತೆರೆಯಲೇಬೇಕೆಂದಾಯಿತು. ಇಂದಿನ ಅಯಸ್ಕಾಂತದ ಪಟ್ಟಿ ಬಳಕೆಗೆ ಬಂದದ್ದು ಹಾಗೆ. ನಮ್ಮ ಅನೇಕ ಫ್ರಿಜ್ಜುಗಳಿಗೆ ಬೀಗವಿದೆ ಎಂಬುದನ್ನು ಮರೆಯಬೇಡಿ. ಬಾಗಿಲನ್ನು ಗೋಡೆಗೆ ಒರಗಿಸಿಟ್ಟರೆ ಅಯಸ್ಕಾಂತದ ಬಾಗಿಲೂ ಮಗುವಿಗೆ ತೆರೆಯದು. ಗಾಡಿ ನಾಳೆಯೇ ಬರುವುದಾದರೆ ಬಾಗಿಲಿಗೆ ಹಗ್ಗ ಸುತ್ತಿಡಿ. ಮಹಡಿಯ ಮೇಲೋ ಹಿತ್ತಲಿನಲ್ಲೋ ಕೆಲವು ದಿನ ಬಿದ್ದಿರುವುದಾದರೆ ಬಾಗಿಲನ್ನೇ ಬಿಚ್ಚಿ ತೆಗೆಯಿರಿ. ಒಳಗಿನ ತಟ್ಟೆಗಳನ್ನು ಮಾತ್ರ ಹಾಗೆಯೇ ಬಿಡಿ. ಅವಿದ್ದರೆ ಮಗು ಒಳಗೆ ನುಸುಳುವುದು ಕಷ್ಟ.